ಹದಿನೈದು ಸೆಕೆಂಡಿನ ರಸಿಕ

ಕಳೆದ ರಾಮನವಮಿಯ ಹೊತ್ತಿಗೆ ಒಂದು ಕಚೇರಿಗೆ ಹೋಗಿದ್ದೆ. ಪಕ್ಕದ ಕುರ್ಚಿಗೆ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಬಂದು ಕೂತ. ಗಾಯಕಿ ಆಲಾಪನೆಗೆ ತೊಡಗಿದ್ದೇ ತಡ, ಮೊಬೈಲ್ ಎತ್ತಿ ಹಿಡಿದ. ಒಂದಿಷ್ಟು ವಿಡಿಯೋ ಮಾಡಿ, ಅಲ್ಲೇ ಕತ್ತರಿಸಿ, ಸ್ಟೇಟಸ್‌ಗೂ ಹಾಕಿದ. ಹಿಂದಿನ ಸಾಲಿನ ಹಿರಿಯರೊಬ್ಬರು ನನ್ನ ಭುಜ ತಟ್ಟಿ, 'ನೋಡಿದ್ರಾ, ಕೇಳೋಕಲ್ಲ, ತೋರಿಸ್ಕೊಳ್ಳೋಕೆ ಬಂದಿದಾನೆ' ಅಂದರು. ನಾನೂ ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದರ ಬಗ್ಗೆ ಈಗ ನನಗೇ ತಕರಾರಿದೆ.

ಇಂದಿನ ಕೇಳುಗರ ಮೇಲಿನ ದೂರು ಎಲ್ಲರಿಗೂ ಗೊತ್ತಿರುವುದೇ. ರೀಲ್ಸ್‌ನಲ್ಲಿ ಬಂದ ಹದಿನೈದು ಸೆಕೆಂಡು ಬಾಯಿಪಾಠ, ಪೂರ್ತಿ ಹಾಡು ಗೊತ್ತಿಲ್ಲ. ಎದೆಯ ಮೇಲೆ ನಿರ್ವಾಣ ಬ್ಯಾಂಡಿನ ಹೆಸರು, ಕೇಳಿದರೆ ಒಂದು ಆಲ್ಬಮ್ಮಿನ ಹೆಸರೂ ಬಾಯಿಗೆ ಬಾರದು. ರಾಕ್ ಕೇಳುವವರು ಇಂಥವರನ್ನು 'ಪೋಸರ್' ಎಂದು ಕರೆದು ಪಕ್ಕಕ್ಕಿಡುತ್ತಾರೆ. 2011ರಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಹೋಗಿದ್ದ ನನ್ನ ಗೆಳೆಯನೊಬ್ಬ, ಆ ಗುಂಪಿನಲ್ಲಿ ಅಸಲಿಗಳೆಷ್ಟು ನಕಲಿಗಳೆಷ್ಟು ಎಂದು ಇವತ್ತಿಗೂ ಲೆಕ್ಕ ಹಾಕುತ್ತಾನೆ. ಅಷ್ಟು ಹೊತ್ತು ಅವನು ಕೇಳಿದ್ದೇನು ಎಂದು ಮಾತ್ರ ನಾನಿನ್ನೂ ಕೇಳಿಲ್ಲ.

ತುಣುಕು ಕೇಳುವುದು ಹೊಸ ಕಾಯಿಲೆ ಎಂಬುದರಿಂದಲೇ ನನ್ನ ಅನುಮಾನ ಶುರು. 1902ರಲ್ಲಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದಾಗ ಅವರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಸಬಹುದಾದದ್ದನ್ನು ಅಷ್ಟರೊಳಗೆ ಮಡಚಿ, ಕೊನೆಯಲ್ಲಿ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಘೋಷಿಸಿ ಮುಗಿಸುತ್ತಿದ್ದರು. (ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಊರಿಗೆ ಹೋದಾಗ ನಮ್ಮಲ್ಲಿ ಎಷ್ಟು ಜನಕ್ಕೆ ಇದು ನೆನಪಾಗುತ್ತದೋ.) ಆ ಕಾಲದ ಕೆಲವು ಉಸ್ತಾದರು ತಟ್ಟೆಯ ಹತ್ತಿರವೇ ಸುಳಿಯಲಿಲ್ಲ. ಮೂರು ನಿಮಿಷದಲ್ಲಿ ರಾಗವೆಲ್ಲಿ ಅರಳೀತು ಎಂಬ ಅವರ ಮಾತು ಸುಳ್ಳಲ್ಲ.

ಆದರೆ ಅಂಥದೇ ಒಂದು ತಟ್ಟೆ ಗದಗಿನಲ್ಲಿ ಮಾಡಿದ ಕೆಲಸವನ್ನೂ ನೋಡಬೇಕು. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ಭೀಮಸೇನ ಜೋಶಿ ಎಂಬ ಹುಡುಗನ ಕಿವಿಗೆ ಬಿತ್ತು. ಹಾಗೆ ಹಾಡಬೇಕೆಂಬ ಹಟಕ್ಕೆ ಬಿದ್ದವನು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟ. ಆ ಹೊತ್ತಿಗೆ ಯಾರಾದರೂ ಅವನನ್ನು ತಡೆದು, 'ಕಿರಾಣಾ ಘರಾಣೆಯ ಐದು ಜನರ ಹೆಸರು ಹೇಳು, ಆಮೇಲೆ ಅಭಿಮಾನಿ ಅನ್ನಿಸ್ಕೋ' ಎಂದಿದ್ದರೆ ಏನಾಗುತ್ತಿತ್ತೋ!

ಆ ತಟ್ಟೆ ಕೇಳಿದವರೆಲ್ಲ ಭೀಮಸೇನ ಜೋಶಿ ಆಗಲಿಲ್ಲವಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನೂರಾರು ಮಂದಿ ಕೇಳಿ, ಚೆನ್ನಾಗಿದೆ ಎಂದು ಎದ್ದು ಹೋಗಿರುತ್ತಾರೆ. ಆದರೆ ಯಾರು ಎದ್ದು ಹೋಗುತ್ತಾರೆ, ಯಾರೊಳಗೆ ಅದು ಉಳಿಯುತ್ತದೆ ಎಂದು ಅಲ್ಲೇ ನಿಂತು ಹೇಳಬಲ್ಲವರು ಯಾರಿದ್ದರು?

ಅದಿರಲಿ. ನಾವು ಸನಾತನವೆಂದು ನಂಬಿರುವ ಕಚೇರಿಯ ಕ್ರಮವೇ ಎಷ್ಟು ಹಳೆಯದು? ಮೊದಲು ವರ್ಣ, ಆಮೇಲೆ ಚುರುಕಾದ ಕೃತಿಗಳು, ನಡುವೆ ಒಂದು ದೊಡ್ಡದು, ಕೊನೆಗೆ ದೇವರನಾಮ, ಜಾವಳಿಗಳು. ಇದನ್ನು ನೆಲೆಗೊಳಿಸಿದ ಹೆಗ್ಗಳಿಕೆಯನ್ನು ಸಾಮಾನ್ಯವಾಗಿ ಕೊಡುವುದು ಕಳೆದ ಶತಮಾನದ ಅರಿಯಾಕುಡಿ ರಾಮಾನುಜ ಅಯ್ಯಂಗಾರ್ಯರಿಗೆ. ಸಭೆಯ ತಾಳ್ಮೆ ಎಷ್ಟೆಂದು ಅವರಿಗೆ ಗೊತ್ತಿತ್ತು.

ನನಗೆ ನಿಜವಾಗಿ ಟೊಳ್ಳು ಅನ್ನಿಸುವುದು ಬೇರೆ ಕಡೆ. ಹೊಸ ಹಾಡು ಬಿಡುಗಡೆಯಾದ ರಾತ್ರಿ ಫೋನನ್ನು ಮ್ಯೂಟ್‌ನಲ್ಲಿಟ್ಟು, ಬೆಳಗಿನ ತನಕ ಅದನ್ನೇ ಮತ್ತೆ ಮತ್ತೆ ಓಡಿಸುವ ಅಭಿಮಾನಿಗಳಿದ್ದಾರೆ. ಸ್ಪಾಟಿಫೈನಲ್ಲಿ 30 ಸೆಕೆಂಡು ಓಡಿದರೆ ಒಂದು ಲೆಕ್ಕ. ಅವರ ನಿಷ್ಠೆಯನ್ನು ಯಾರೂ ಪ್ರಶ್ನಿಸುವಂತಿಲ್ಲ. ಆಲ್ಬಮ್ಮುಗಳ ಹೆಸರು, ಇಸವಿ ಎಲ್ಲವೂ ನಾಲಿಗೆಯ ತುದಿಯಲ್ಲಿ. ಯಾವ ಪರೀಕ್ಷೆಯಿಟ್ಟರೂ ಪಾಸು. ಕಿವಿಯೊಂದಕ್ಕೆ ಮಾತ್ರ ಇದರಲ್ಲಿ ಕೆಲಸವಿಲ್ಲ.

ನಮ್ಮ ಸಭಾಂಗಣಗಳಲ್ಲೂ ಇದರ ಗೌರವಸ್ಥ ರೂಪವಿದೆ. ವಿದ್ವಾಂಸರು ನಾಲ್ಕು ಸ್ವರ ಎಳೆದ ಕೂಡಲೇ 'ಷಣ್ಮುಖಪ್ರಿಯ' ಎಂದು ಪಕ್ಕದವರಿಗೆ ಪಿಸುಗುಟ್ಟುವವರು. ಪಿಸುಗುಟ್ಟಿ ಆಯಿತೋ, ಅಲ್ಲಿಗೆ ಅವರ ಕೆಲಸ ಮುಗಿಯಿತು. ಮುಂದಿನ ಇಪ್ಪತ್ತು ನಿಮಿಷ ಮಗನ ಅಮೆರಿಕದ ಮನೆಯ ಬಗ್ಗೆ ಯೋಚಿಸಿದರೂ ಅಡ್ಡಿಯಿಲ್ಲ. ಇದನ್ನು ಇಷ್ಟು ಖಚಿತವಾಗಿ ಬರೆಯಲು ಕಾರಣ, ನಾನೂ ಅದೇ ಪಂಗಡದವನು.

ಹಾಗೆಂದು ತಿಳಿವಳಿಕೆಯೇ ಬೇಡ ಎನ್ನುವುದು ಸೋಮಾರಿಗಳ ವಾದ. ಆದಿತಾಳದ ಎಂಟು ಎಣಿಕೆ ಕೈಗೆ ಹತ್ತುವವರೆಗೂ ಮೃದಂಗ ನನ್ನ ಪಾಲಿಗೆ ಒಂದು ಹದವಾದ ಗದ್ದಲ ಅಷ್ಟೇ. ತೊಡೆಯ ಮೇಲೆ ತಾಳ ಹಾಕಲು ಕಲಿತ ಮೇಲೆ, ಒಂದು ಮುಕ್ತಾಯ ಎಲ್ಲೆಲ್ಲೋ ಅಲೆದು ಸರಿಯಾಗಿ ಬಂದು ಇಳಿಯುವಾಗ ಮೈ ಝುಂ ಎನ್ನುವುದು ಏಕೆಂದು ತಿಳಿಯಿತು. ಎಣಿಸಲು ಬಾರದವನಿಗೆ ಆ ಸುಖ ಅರ್ಧ ಮಾತ್ರ. ಇದನ್ನು ಒಪ್ಪುತ್ತೇನೆ.

ಇಷ್ಟೆಲ್ಲ ತಿಳಿದಿದ್ದೂ, ಆವತ್ತು ಗಾಯಕಿ ಕೃತಿ ಮುಗಿಸುವ ಮುನ್ನ ಪಕ್ಕವಾದ್ಯದವರತ್ತ ಕೈತೋರಿ ನೀರಿನ ಲೋಟ ಎತ್ತಿಕೊಂಡ ಕೂಡಲೇ ನಾನೂ ಆ ಹಿರಿಯರೂ ಎದ್ದು ಕ್ಯಾಂಟೀನಿನತ್ತ ನಡೆದೆವು. ನಾವಿಬ್ಬರೇ ಅಲ್ಲ, ಅರ್ಧ ಸಭೆಯೇ ಎದ್ದಿತ್ತು. ಬೋಂಡಾದ ಮುಂದೆ ಉದ್ದದ ಸಾಲು. ಅಲ್ಲಿಯೂ ಈಗಿನ ಹುಡುಗರ ಮಾತೇ ಬಂತು.

ಮರಳಿ ಬರುವಷ್ಟರಲ್ಲಿ ಮಂಗಳ ಶುರುವಾಗಿತ್ತು. ಅದು ಮುಗಿದು ಎಲ್ಲರೂ ಚಪ್ಪಲಿ ಹುಡುಕುವ ಹೊತ್ತಿಗೆ ಹುಡುಗ ಹತ್ತಿರ ಬಂದ. ಮೊಬೈಲ್ ಜೇಬಿನಲ್ಲಿತ್ತು.

'ಸರ್, ಮೃದಂಗದವರೂ ಆ ಘಟದವರೂ ಒಬ್ಬರಾದ ಮೇಲೊಬ್ಬರು ನುಡಿಸಿದ್ರಲ್ಲ, ಬರ್ತಾ ಬರ್ತಾ ಚಿಕ್ಕದು ಮಾಡ್ಕೊಂಡು. ಅದಕ್ಕೇನಂತಾರೆ?'

'ತನಿ ಆವರ್ತನ' ಎಂದೆ, ಬಲ್ಲವನ ಗತ್ತಿನಲ್ಲಿ.

'ಕೊನೇಲಿ ಇಬ್ಬರೂ ಸೇರಿ ಒಂದನ್ನೇ ಮೂರು ಸಲ ನುಡಿಸಿ ನಿಲ್ಲಿಸಿದ್ರಲ್ಲ, ನನಗಂತೂ ಉಸಿರೇ ನಿಂತ ಹಾಗಾಯ್ತು. ನಿಮಗೆ ಹೇಗನ್ನಿಸ್ತು ಸರ್?'

ಹಿರಿಯರು ಕನ್ನಡಕ ತೆಗೆದು ಒರೆಸತೊಡಗಿದರು. ನನ್ನ ಬೆರಳುಗಳಲ್ಲಿ ಇನ್ನೂ ಎಣ್ಣೆಯ ಜಿಡ್ಡಿತ್ತು.