‘ಗ್ನೂ’ ಎಂದ ಮಗುವನ್ನು ತಿದ್ದಬೇಡಿ

ನಮ್ಮ ಕಾಸರಗೋಡಿನ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಗ್ನೂ-ಲಿನಕ್ಸ್. ಪರದೆಯ ಮೇಲಿನ ಜಿ, ಎನ್, ಯು ಎಂಬ ಮೂರಕ್ಷರವನ್ನು ಕನ್ನಡ ಮಾಧ್ಯಮದ ಮಗು ‘ಗ್ನೂ’ ಎಂದು ಓದಿದರೆ ಸಾಕು, “ಜಿ ಸೈಲೆಂಟ್, ನ್ಯೂ ಅನ್ನಬೇಕು” ಎಂದು ಮುಸಿಮುಸಿ ನಗುವ ದೊಡ್ಡವರಿದ್ದಾರೆ. ಸ್ವಾಮೀ, ತಪ್ಪು ಮಗುವಿನದಲ್ಲ, ತಿದ್ದುವವರದು!

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಯೋಜನೆ ಇದು. ಜಿ ಉಚ್ಚರಿಸಲೇಬೇಕು, ಜಿ ಮತ್ತು ಎನ್ ನಡುವೆ ಸ್ವರ ಬರಬಾರದು ಎಂದು ಯೋಜನೆಯವರೇ ತಿಳಿಸಿದ್ದಾರೆ. ಇಂಗ್ಲಿಷಿನಲ್ಲಿ ಜಿ ನುಂಗುವುದು ಅದೇ ಸ್ಪೆಲ್ಲಿಂಗಿನ ಆಫ್ರಿಕಾದ ಪ್ರಾಣಿಯ ಹೆಸರಿನಲ್ಲಿ. ಪ್ರಾಣಿಯ ನಿಯಮ ತಂತ್ರಾಂಶಕ್ಕೇಕೆ?

ಇಂಗ್ಲಿಷ್ ನಾಲಿಗೆಗೆ ತೊಡಕಾಗುವ ಈ ಸದ್ದಿಗೆ ನಮ್ಮಲ್ಲಿ ಒತ್ತಕ್ಷರವೇ ಇದೆ. ಅಗ್ನಿ, ಭಗ್ನ ಎಂದು ಓದಬಲ್ಲ ಮಗುವಿಗೆ ‘ಗ್ನೂ’ ಯಾವ ಕಷ್ಟ?

ಲಿನಕ್ಸ್ ಕಥೆಯೂ ಇದೇ. ‘ಲೈನಕ್ಸ್’ ಎಂದರೇ ಗತ್ತು ಎಂದು ತಿಳಿದವರಿದ್ದಾರೆ. ಅದನ್ನು ಆರಂಭಿಸಿದ ಲಿನಸ್ ಟೊರ್ವಾಲ್ಡ್ಸ್ ತಮ್ಮ ಉಚ್ಚಾರವನ್ನು ಧ್ವನಿಮುದ್ರಿಸಿ ಕೊಟ್ಟಿದ್ದಾರೆ. ಅದರಲ್ಲಿ ‘ಲೈ’ ಇಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇ ಎಂದು ಕೇಳಬಹುದು. ನಗೆಗೀಡಾದ ಮಗು ಮರುದಿನ ಲ್ಯಾಬಿನಲ್ಲಿ ಬಾಯಿ ತೆರೆಯುವುದಿಲ್ಲ. ಕನ್ನಡದಲ್ಲಿ ಕಲಿತದ್ದೇ ತನ್ನ ಕೊರತೆ ಎಂದುಕೊಳ್ಳುತ್ತದೆ. ಆ ಮಾತು ಮನೆಗೆ ಮುಟ್ಟಿದರೆ ಮುಂದಿನ ಜೂನ್‌ನಲ್ಲಿ ಟಿ.ಸಿ. ಕೇಳಿ ಬರುತ್ತಾರೆ. ಆಮೇಲೆ ಡಿವಿಷನ್ ಹೋಯಿತೆಂದು ಸರಕಾರವನ್ನಷ್ಟೇ ದೂರಿ ಏನು ಪ್ರಯೋಜನ?

ಸಹೋದ್ಯೋಗಿಗಳೇ, ಪೋಷಕರೇ, ತಿದ್ದುವ ಮೊದಲು ತಿಳಿದುಕೊಳ್ಳೋಣ. ಮಗು ‘ಗ್ನೂ’ ಎಂದರೆ “ಸರಿ ಓದಿದೆ” ಎನ್ನಿ.