ಕ್ಯಾಮ್ ಬದಲಿಸುವ ಮುನ್ನ

ಅಮೆರಿಕದ ಅರಿಜೋನಾದಲ್ಲಿರುವ ನನ್ನ ಸೋದರಳಿಯ ಕಳೆದ ತಿಂಗಳು ಒಂದು ಚಿತ್ರ ಕಳುಹಿಸಿದ್ದ. ಮರಳುದಿಬ್ಬಗಳ ಮೇಲೆ ಓಡಿಸುವ ಅವನ ನಾಲ್ಕು ಗಾಲಿಯ ಎಟಿವಿಯ ಎಂಜಿನ್ ಬಿಚ್ಚಿ ಮೇಜಿನ ಮೇಲಿತ್ತು. ಬಾಗಿದ ಒಂದು ಕವಾಟ, ಪಿಸ್ಟನ್ನಿನ ನೆತ್ತಿಯಲ್ಲಿ ಅರ್ಧಚಂದ್ರಾಕಾರದ ಗಾಯ. ಹೆಚ್ಚಿನ ಶಕ್ತಿಯ ಆಸೆಗೆ ಕ್ಯಾಮ್‌ಶಾಫ್ಟ್ ಬದಲಿಸಿದ್ದನಂತೆ. ಹಣ ಉಳಿಸಲು ಹಳೆಯ ಸ್ಪ್ರಿಂಗುಗಳನ್ನೇ ಇರಿಸಿಕೊಂಡಿದ್ದನಂತೆ. ಪುಣೆಯ ಎಂಜಿನ್ ಕಾರ್ಖಾನೆಗಳಲ್ಲಿ ಮೂರು ದಶಕ ಕಳೆದ ನನಗೆ ಆ ಗಾಯ ಅಪರಿಚಿತವಲ್ಲ.

ಸಾಹಿತ್ಯದ ಬಳಗದಲ್ಲಿ ಎಂಜಿನ್ನಿನ ಮಾತೇಕೆ ಎಂದು ಗೆಳೆಯರು ಕೇಳಬಹುದು. ನಮ್ಮಲ್ಲಿ ಹಲವರು ಹಗಲೆಲ್ಲ ಯಂತ್ರಗಳೊಡನೆ ಬದುಕಿ ಸಂಜೆ ಮಾತ್ರ ಕನ್ನಡಕ್ಕೆ ಮರಳುವವರು. ಹಗಲಿನ ಅನುಭವವೂ ಕನ್ನಡದಲ್ಲಿ ಬರಲಿ ಎಂಬುದಷ್ಟೇ ನನ್ನ ಸಮರ್ಥನೆ.

ಕವಾಟವನ್ನು ತೆರೆಯುವುದು ಕ್ಯಾಮ್, ಮುಚ್ಚುವುದು ಸ್ಪ್ರಿಂಗ್. ಎಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗುವಾಗ ಕ್ಯಾಮ್ ಅದರ ಅರ್ಧ, 4,000 ಸುತ್ತು ತಿರುಗುತ್ತದೆ. ಅಂದರೆ ಪ್ರತಿ ಕವಾಟವೂ ಸೆಕೆಂಡಿಗೆ ಸುಮಾರು 67 ಸಲ ತೆರೆದು ಮುಚ್ಚಬೇಕು. ಹೊಸ ಕ್ಯಾಮ್ ಕವಾಟವನ್ನು ಇನ್ನಷ್ಟು ಎತ್ತರಕ್ಕೆ ಎತ್ತುತ್ತದೆ, ಇನ್ನಷ್ಟು ಹೊತ್ತು ತೆರೆದಿಡುತ್ತದೆ. ಅದರ ಶಕ್ತಿ ದೊರೆಯುವುದು ಮೇಲಿನ ವೇಗದಲ್ಲಾದ್ದರಿಂದ ಸವಾರನೂ ಎಂಜಿನ್ನನ್ನು ಮೊದಲಿಗಿಂತ ಜೋರಾಗಿ ತಿರುಗಿಸುತ್ತಾನೆ. ವೇಗ ಶೇಕಡಾ 10 ಹೆಚ್ಚಿದರೆ ಸ್ಪ್ರಿಂಗ್ ಎದುರಿಸಬೇಕಾದ ಜಡತ್ವದ ಬಲ ಶೇಕಡಾ 21 ಹೆಚ್ಚುತ್ತದೆ. ಸ್ಪ್ರಿಂಗ್ ಸೋತ ಕ್ಷಣದಲ್ಲಿ ಕವಾಟ ಕ್ಯಾಮಿನ ಹಿಡಿತ ತಪ್ಪಿ ತೇಲುತ್ತದೆ. ಮೇಲೇರಿ ಬರುವ ಪಿಸ್ಟನ್ನಿಗೆ ಎದುರಾಗುತ್ತದೆ. ಎತ್ತರ ಮಿತಿಮೀರಿದರೆ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿ ಕುಗ್ಗಲು ಎಡೆಯಿಲ್ಲದೆ ಮುರಿಯುವ ಅಪಾಯವೂ ಉಂಟು.

ಹಾಗೆಂದು ಸಿಕ್ಕಿದ ಗಟ್ಟಿ ಸ್ಪ್ರಿಂಗನ್ನೆಲ್ಲ ಹಾಕುವಂತಿಲ್ಲ. ಅತಿಯಾದ ಒತ್ತಡ ಕ್ಯಾಮಿನ ಮೈಯನ್ನೇ ಸವೆಸುತ್ತದೆ. ಆ ಕ್ಯಾಮ್‌ಗೆಂದೇ ಹೊಂದಿಸಿದ ಸ್ಪ್ರಿಂಗ್ ಬೇಕು. ಜೋಡಿಸುವಾಗ ಪಿಸ್ಟನ್ನಿನ ಮೇಲೆ ಮೆತ್ತನೆಯ ಜೇಡಿಮಣ್ಣನ್ನಿಟ್ಟು, ಎಂಜಿನ್ನನ್ನು ಕೈಯಿಂದಲೇ ತಿರುಗಿಸಿ, ಕವಾಟದ ಅಚ್ಚಿನಡಿ ಉಳಿದ ಮಣ್ಣಿನ ದಪ್ಪವನ್ನು ಅಳೆಯಬೇಕು. ಅರ್ಧ ದಿನದ ಈ ಕೆಲಸವನ್ನು ಬಿಟ್ಟವರೇ ಹೆಚ್ಚಾಗಿ ಎಂಜಿನ್ ಕಳೆದುಕೊಳ್ಳುವುದು. ಸ್ಪ್ರಿಂಗಿನ ಈ ಮಿತಿಯನ್ನು ದಾಟಲೆಂದೇ ಡುಕಾಟಿಯ ಫ್ಯಾಬಿಯೊ ಟಾಲ್ಯೋನಿ 1956ರಲ್ಲಿ ಕವಾಟವನ್ನು ಮುಚ್ಚಲೂ ಕ್ಯಾಮನ್ನೇ ಬಳಸಿದ ರೇಸ್ ಎಂಜಿನ್ ರೂಪಿಸಿದ.

ನನ್ನ ತಕರಾರು ಇನ್ನೂ ಹಿಂದಿನದು: ಈ ಬದಲಾವಣೆ ಎಲ್ಲರಿಗೂ ಬೇಕೆ? ಕಾರ್ಖಾನೆಯ ಕ್ಯಾಮನ್ನು ಅಂಜುಬುರುಕರ ಕೆಲಸವೆಂದು ಹೀಗಳೆಯುವುದು ರೂಢಿಯಾಗಿದೆ. 1999ರಲ್ಲಿ ಬಂದ ಹೋಂಡಾ ಟಿಆರ್‌ಎಕ್ಸ್ 400 ಇಎಕ್ಸ್‌ನ 397 ಸಿಸಿ ಎಂಜಿನ್ನಿಗೆ ಹೆಸರು ಬಂದದ್ದು ಕೆಳವೇಗದಲ್ಲೂ ಎಳೆಯುವ ಗುಣದಿಂದ, ಬಾಳಿಕೆಯಿಂದ. ದೊಡ್ಡ ಕ್ಯಾಮ್ ಸಾಮಾನ್ಯವಾಗಿ ಆ ಕೆಳಗಿನ ಎಳೆತವನ್ನು ಒತ್ತೆಯಿಟ್ಟೇ ಮೇಲಿನ ಶಕ್ತಿಯನ್ನು ತರುತ್ತದೆ. ಮರಳಿನಲ್ಲಿ ಸದಾ ಪೂರ್ತಿ ವೇಗದಲ್ಲಿ ಪಂದ್ಯವಾಡುವವನಿಗೆ ಅದು ಲಾಭವೇ. ಕಲ್ಲುದಾರಿಯಲ್ಲಿ ನಿಧಾನವಾಗಿ ಏರುವವನಿಗೆ ಅದು ದುಡ್ಡು ಕೊಟ್ಟು ಕೊಂಡ ನಷ್ಟ.

ಯಾವ ಕ್ಯಾಮ್ ಕೊಳ್ಳಲಿ ಎಂದು ಸೋದರಳಿಯ ಮತ್ತೆ ಕೇಳಿದ್ದಾನೆ. ಮೊದಲು ಸ್ಪ್ರಿಂಗುಗಳ ಬೆಲೆ ಕೂಡಿಸು, ಆಮೇಲೂ ಮನಸ್ಸಿದ್ದರೆ ಹೇಳು ಎಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.