ಅಜ್ಜಿಯ ಡಬ್ಬಿ, ಭಾಗ 4: ಜ್ಯೇಷ್ಠಮಧುವಿಗೂ ಲೆಕ್ಕ ಬೇಕು

ನಮ್ಮ ಫಳ್ನೀರ್‌ನಲ್ಲಿ ಆಸ್ಪತ್ರೆ, ಮೆಡಿಕಲ್ ಶಾಪ್‌ಗಳಿಗೆ ಬರಗಾಲ ಇಲ್ಲ. ಆದ್ರೂ ಮಳೆಗಾಲದಲ್ಲಿ ಗಂಟಲು ಕೆರೆದ್ರೆ ಮನೆಯಲ್ಲಿ ಮೊದಲು ತೆಗೆಯುವುದು ಜ್ಯೇಷ್ಠಮಧುವಿನ ಡಬ್ಬಿ. ಒಣಬೇರಿನ ತುಂಡು ಜಜ್ಜಿ, ಶುಂಠಿ ಹಾಕಿ ಕುದಿಸಿದ್ರೆ ಸಕ್ಕರೆಯೇ ಬೇಡ. ಗಂಟಲಿಗೆ ಹಿತ ಆಗ್ತದೆ, ಒಪ್ತೇನೆ.

ನನ್ನ ತಕರಾರು "ಬೇರು ತಾನೇ, ಏನೂ ಆಗುದಿಲ್ಲ" ಅನ್ನುವ ಮಾತಿನ ಮೇಲೆ. ಕೆಮ್ಮು ಹೋದ ಮೇಲೂ ಅಜ್ಜಿ ಚಾ ಬದಲು ದಿನಾ ಎರಡು ಲೋಟ ಇದನ್ನೇ ಕುಡಿದ್ರು. ಬಿಪಿ ಏರಿತು, ಕಾಲು ಊದಿತು. ಡಾಕ್ಟರ್ ಮಾತ್ರೆಗಳ ಬಗ್ಗೆ ಕೇಳಿದಾಗ ಕಷಾಯದ ಸುದ್ದಿಯೇ ಇಲ್ಲ. ಅಜ್ಜಿಗೆ ಅದು ಮದ್ದೇ ಅಲ್ಲ! ಕೊನೆಗೆ ಅಮ್ಮ ಹೇಳಿದ್ರು. ನಿಲ್ಲಿಸಿದ ಮೇಲೆ ನಿಧಾನಕ್ಕೆ ಇಳಿಯಿತು.

ಆ ಸಿಹಿಗೆ ಕಾರಣ ಗ್ಲಿಸಿರೈಜಿನ್. ಅದು ಜಾಸ್ತಿಯಾದ್ರೆ ದೇಹದಲ್ಲಿ ಉಪ್ಪು, ನೀರು ಉಳಿತದೆ, ಪೊಟ್ಯಾಸಿಯಂ ಇಳಿತದೆ. ದಿನಕ್ಕೆ 100 ಮಿಲಿಗ್ರಾಂ ದಾಟಬೇಡಿ ಅಂತ ಯುರೋಪಿನಲ್ಲಿ ಸಲಹೆ ಉಂಟು. ನಮ್ಮ ಡಬ್ಬಿಯ ತುಂಡಿನಲ್ಲಿ ಎಷ್ಟುಂಟು ಅಂತ ಯಾರು ಅಳೀತಾರೆ?

ಬಿಪಿ, ಹೃದಯ, ಕಿಡ್ನಿ ತೊಂದರೆ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳದೆ ಕುಡಿಬೇಡಿ. ಉಳಿದವರೂ ಗಂಟಲು ಸರಿಯಾದ ಮೇಲೆ ನಿಲ್ಲಿಸಿ. ನಾನು ಬಿಕಾಂ, ಡಾಕ್ಟರ್ ಅಲ್ಲ; ನನಗೆ ಗೊತ್ತಿರುವುದು ಇಷ್ಟೇ: ಬರೆಯದೆ ಬಿಟ್ಟ ಖರ್ಚೇ ಲೆಕ್ಕ ಕೆಡಿಸುವುದು. ಮಾತ್ರೆಗಳ ಪಟ್ಟಿಯಲ್ಲಿ ಕಷಾಯವನ್ನೂ ಬರೀರಿ ಮಾರಾಯ್ರೆ.

ನಿಮ್ಮಜ್ಜಿಯ ಪಟ್ಟಿಯಲ್ಲಿ ಉಂಟಾ?